ಚಿಮನಿಮನಿ ಕ್ಷೇತ್ರದ ಚುನಾವಣೆ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಜಿಂಬಾಬ್ವೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರಾಬರ್ಟ್ ಮುಗಾಬೆ, ನೂರು ಲಕ್ಷ ಕೋಟಿ ಡಾಲರಿನ ನೋಟು, ಒಂದಿಷ್ಟು ಕ್ರಿಕೆಟ್. ಅಲ್ಲಿನ ಹಳ್ಳಿಯವರು ಯಾರಿಗೆ ಮತ ಹಾಕುತ್ತಾರೆ, ಯಾಕೆ ಹಾಕುತ್ತಾರೆ ಅನ್ನುವುದು ಸುದ್ದಿಗೆ ಬರುವುದೇ ಇಲ್ಲ. ಚಿಮನಿಮನಿ ಅನ್ನುವ ಒಂದೇ ಒಂದು ಕ್ಷೇತ್ರವನ್ನು ಹಿಡಿದು ನೋಡಿದರೆ ಆ ದೇಶದ 40 ವರ್ಷದ ರಾಜಕೀಯ ಕಣ್ಣಿಗೆ ಕಟ್ಟುತ್ತದೆ. ಈ ಕ್ಷೇತ್ರದ ಬಗ್ಗೆ ಮಾತು ತೆಗೆದಾಗಲೆಲ್ಲ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಚಿಮನಿಮನಿ ಎಲ್ಲಿದೆ?

ಜಿಂಬಾಬ್ವೆಯ ಪೂರ್ವದ ಅಂಚಿನಲ್ಲಿ, ಮನಿಕಾಲ್ಯಾಂಡ್ ಪ್ರಾಂತ್ಯದಲ್ಲಿ. ಪ್ರಾಂತ್ಯದ ಮುಖ್ಯ ಪಟ್ಟಣ ಮುಟಾರೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 150 ಕಿ.ಮೀ. ಹೋದರೆ ಚಿಮನಿಮನಿ ಊರು ಸಿಗುತ್ತದೆ. ಊರಿನ ಬೆನ್ನಿಗೇ ಬೆಟ್ಟಸಾಲು, ಬೆಟ್ಟದ ಆಚೆ ಮೊಜಾಂಬಿಕ್. ಬಿಳಿಯರ ಆಡಳಿತದ ಕಾಲದಲ್ಲಿ ಈ ಊರನ್ನು ಮೆಲ್ಸೆಟ್ಟರ್ ಅಂತ ಕರೆಯುತ್ತಿದ್ದರು. 1890ರ ದಶಕದಲ್ಲಿ ಥಾಮಸ್ ಮೂಡಿ ಅನ್ನುವವರ ಜೊತೆ ಎತ್ತಿನ ಗಾಡಿಗಳಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ಬಿಳಿಯ ಕುಟುಂಬಗಳು ಇಲ್ಲಿ ನೆಲೆ ನಿಂತವು. ಒಳ್ಳೆಯ ನೆಲವೆಲ್ಲ ಅವರ ಪಾಲಾಯಿತು. ಮೊದಲಿನಿಂದ ಇದ್ದವರು ಕಲ್ಲುನೆಲಕ್ಕೆ, ಇಳಿಜಾರಿಗೆ, ಒಣ ಬಯಲಿಗೆ ಸರಿಯಬೇಕಾಯಿತು. ಮುಂದೆ ಇಲ್ಲಿ ನಡೆದ ಎಲ್ಲ ಚುನಾವಣೆಗಳ ಹಿಂದೆ ಈ ನೆಲದ ಲೆಕ್ಕ ಇದ್ದೇ ಇದೆ.

ಅಲ್ಲಿನ ಜನ ಏನು ಮಾಡಿಕೊಂಡಿದ್ದಾರೆ?

ಒಂದೇ ಜಿಲ್ಲೆ, ಆದರೆ ಎರಡು ಬಗೆಯ ಬದುಕು. ಪೂರ್ವದ ಕಡೆ ಮಳೆ ಜಾಸ್ತಿ. ರುಸಿಟು ಕಣಿವೆಯಲ್ಲಿ ಬಾಳೆ ಬೆಳೆಯುತ್ತಾರೆ. ಗುಡ್ಡಗಳ ಮೇಲೆ ಪೈನ್ ಮರದ ಎಸ್ಟೇಟುಗಳು, ಗರಗಸದ ಕಾರ್ಖಾನೆಗಳು ಇವೆ. ಒಂದು ಕಾಲದಲ್ಲಿ ಕಾಫಿಯೂ ಚೆನ್ನಾಗಿ ಬರುತ್ತಿತ್ತು. ಪಶ್ಚಿಮಕ್ಕೆ ಇಳಿದರೆ ಸಾವೆ ನದಿಯ ಕಡೆಯ ಒಣ ಸೀಮೆ. ಅಲ್ಲಿ ನ್ಯಾನ್ಯಾಡ್ಜಿ ಅನ್ನುವ ಕಡೆ 1930ರ ದಶಕದಲ್ಲಿ ಶುರುವಾದ ನೀರಾವರಿ ಯೋಜನೆ ಇದೆ. ಸಣ್ಣ ಸಣ್ಣ ಹಿಡುವಳಿಯವರು ಕಾಲುವೆ ನೀರು ನಂಬಿ ಬದುಕುತ್ತಾರೆ. ನೀರು ತಪ್ಪಿದ ವರ್ಷ ಮೆಕ್ಕೆಜೋಳದ ಹಿಟ್ಟಿಗೆ ಸರ್ಕಾರದ ಮುಂದೆ ಕೈ ಚಾಚಬೇಕು. ಬರಗಾಲದ ಸೀಮೆಯಲ್ಲಿ ಹಿಟ್ಟು ಹಂಚುವವರ ಕೈಗೆ ಎಷ್ಟು ಅಧಿಕಾರ ಬರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

2012ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 1,35,000. ಹೆಚ್ಚಿನವರ ಮಾತು ಶೋನಾದ ಒಂದು ಬಗೆಯಾದ ಎನ್‌ಡೌ. ಗಡಿಯಾಚೆಯ ಮೊಜಾಂಬಿಕ್ ಹಳ್ಳಿಗಳಲ್ಲೂ ಅದೇ ಮಾತು, ಅವೇ ನೆಂಟಸ್ತಿಕೆಗಳು.

1980ರ ಮೊದಲ ಚುನಾವಣೆಯಲ್ಲಿ ಇಲ್ಲಿ ಯಾರು ಗೆದ್ದರು?

ಆಗ ಕ್ಷೇತ್ರವೇ ಇರಲಿಲ್ಲ. ಪ್ರಾಂತ್ಯಕ್ಕೆ ಇಷ್ಟು ಸ್ಥಾನ ಅಂತ ಲೆಕ್ಕ ಹಾಕಿ, ಪಕ್ಷಗಳಿಗೆ ಬಿದ್ದ ಮತದ ಪ್ರಮಾಣದಲ್ಲಿ ಹಂಚಿದರು. ಮನಿಕಾಲ್ಯಾಂಡಿಗೆ 11 ಸ್ಥಾನ. ಅಷ್ಟೂ ಮುಗಾಬೆಯವರ ಝಾನು-ಪಿಎಫ್ ಪಕ್ಷಕ್ಕೆ ಹೋದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಬಿಳಿಯರ ಆಡಳಿತದ ವಿರುದ್ಧ ನಡೆದ ವಿಮೋಚನಾ ಯುದ್ಧದಲ್ಲಿ ಆ ಪಕ್ಷದ ಹೋರಾಟಗಾರರು ಮೊಜಾಂಬಿಕ್‌ನಿಂದ ಇದೇ ಬೆಟ್ಟಗಳನ್ನು ದಾಟಿ ಒಳಗೆ ಬರುತ್ತಿದ್ದರು. ರಾತ್ರಿ ಅವರಿಗೆ ಅನ್ನ ಹಾಕಿದವರು, ಬೆಳಗ್ಗೆ ಸೈನಿಕರಿಂದ ಒದೆ ತಿಂದವರು ಈ ಹಳ್ಳಿಗಳವರೇ.

ಬಿಳಿಯರಿಗೆ ಬೇರೆಯೇ ಮತದಾರರ ಪಟ್ಟಿ, ಬೇರೆಯೇ 20 ಸ್ಥಾನ ಇದ್ದವು. 1987ರಲ್ಲಿ ಆ ವ್ಯವಸ್ಥೆಯನ್ನು ತೆಗೆದುಹಾಕಿದರು.

ಹಾಗಾದರೆ 2000ದವರೆಗೂ ಒಂದೇ ಪಕ್ಷದ ಕೈಯಲ್ಲಿತ್ತಾ?

ಚಿಮನಿಮನಿ ಹೌದು. 2000ಕ್ಕೆ ಮುಂಚಿನ ಸದಸ್ಯ ಮೈಕಲ್ ಮಟಾವುರೆ ಕೂಡ ಝಾನು-ಪಿಎಫ್‌ನವರೇ. ದೇಶದ ಕಥೆಯೂ ಅದೇ. 1995ರಲ್ಲಿ ಚುನಾವಣೆಗಿದ್ದ 120 ಸ್ಥಾನಗಳಲ್ಲಿ 118 ಆ ಪಕ್ಷದ ಪಾಲಾದವು. ಉಳಿದ ಎರಡು ಎಲ್ಲಿಯವು ಗೊತ್ತಾ? ಚಿಮನಿಮನಿಯ ಪಕ್ಕದ ಚಿಪಿಂಗೆಯವು. ಅಲ್ಲಿ ಹಳೆಯ ನಾಯಕ ಎನ್‌ಡಬನಿಂಗಿ ಸಿಥೋಲೆಯವರ ಸಣ್ಣ ಪಕ್ಷ ಝಾನು-ಎನ್‌ಡೊಂಗಾ ಗೆಲ್ಲುತ್ತಿತ್ತು. ಸಿಥೋಲೆ 1963ರಲ್ಲಿ ಝಾನು ಕಟ್ಟಿದಾಗ ಅದರ ಮೊದಲ ಅಧ್ಯಕ್ಷರು. ಆಮೇಲೆ ಮುಗಾಬೆ ಅವರನ್ನು ಹಿಂದೆ ಹಾಕಿದರು. ಅಂದರೆ ರಾಜಧಾನಿ ಹರಾರೆ ಹೇಳಿದ್ದಕ್ಕೆಲ್ಲ ತಲೆಯಾಡಿಸದ ಗುಣ ಈ ಪೂರ್ವದ ಅಂಚಿಗೆ ಮೊದಲಿನಿಂದಲೂ ಇತ್ತು.

2000ದಲ್ಲಿ ಅಂಥದ್ದೇನಾಯಿತು?

ಒಂದರ ಮೇಲೊಂದು ಬಂದವು. 1997ರಿಂದಲೇ ದುಡ್ಡಿನ ಬೆಲೆ ಕುಸಿಯುತ್ತಿತ್ತು. 1999ರ ಸೆಪ್ಟೆಂಬರಿನಲ್ಲಿ ಕಾರ್ಮಿಕ ನಾಯಕ ಮಾರ್ಗನ್ ಸ್ವಾಂಗಿರಾಯಿ ಮುಂದಾಳತ್ವದಲ್ಲಿ ಎಂಡಿಸಿ ಪಕ್ಷ ಹುಟ್ಟಿತು. 2000ದ ಫೆಬ್ರುವರಿಯಲ್ಲಿ ಸರ್ಕಾರ ಹೊಸ ಸಂವಿಧಾನದ ಕರಡನ್ನು ಜನರ ಮುಂದಿಟ್ಟಿತು. ಜನ ಬೇಡ ಅಂದರು. ಅಧಿಕಾರಕ್ಕೆ ಬಂದ ಮೇಲೆ ಮುಗಾಬೆ ಸೋತದ್ದು ಅದೇ ಮೊದಲು. ಕೆಲವೇ ವಾರಗಳಲ್ಲಿ ಮಾಜಿ ಯೋಧರ ಗುಂಪುಗಳು ಬಿಳಿಯರ ಎಸ್ಟೇಟುಗಳಿಗೆ ನುಗ್ಗಿದವು.

ಜೂನ್ 24 ಮತ್ತು 25ರಂದು ಸಂಸತ್ತಿನ ಚುನಾವಣೆ ನಡೆಯಿತು. ಝಾನು-ಪಿಎಫ್‌ಗೆ 62, ಒಂಬತ್ತು ತಿಂಗಳ ಕೂಸಾದ ಎಂಡಿಸಿಗೆ 57, ಝಾನು-ಎನ್‌ಡೊಂಗಾಕ್ಕೆ 1. ಎಂಡಿಸಿಯ 57ರಲ್ಲಿ ಚಿಮನಿಮನಿ ಒಂದು. ಗೆದ್ದವರು ರಾಯ್ ಬೆನೆಟ್, ಅಲ್ಲಿನ ಚಾರ್ಲ್ಸ್‌ವುಡ್ ಕಾಫಿ ಎಸ್ಟೇಟಿನ ಬಿಳಿಯ ಮಾಲೀಕ. ಸೋತವರು ಝಾನು-ಪಿಎಫ್‌ನ ಮುನಾಚೊ ಮುಟೆಜೊ.

ಕಪ್ಪು ಜನರೇ ತುಂಬಿರುವ ಹಳ್ಳಿಗಾಡು ಬಿಳಿಯ ಎಸ್ಟೇಟು ಮಾಲೀಕನನ್ನು ಹೇಗೆ ಗೆಲ್ಲಿಸಿತು?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಬೇಕಾದ್ದೂ ಹೌದು. ಆ ಸಲ ಎಂಡಿಸಿಯಿಂದ ನಾಲ್ವರು ಬಿಳಿಯರು ಗೆದ್ದರು. ಉಳಿದ ಮೂವರು ಹರಾರೆ ಮತ್ತು ಬುಲವಾಯೊ ನಗರದವರು. ಹಳ್ಳಿಗಾಡಿನಿಂದ ಗೆದ್ದವರು ಬೆನೆಟ್ ಒಬ್ಬರೇ.

ಅದೂ ಎಂಥ ಸೀಮೆಯಿಂದ! 1964ರ ಜುಲೈ 4ರಂದು, ಆಗಿನ ಮೆಲ್ಸೆಟ್ಟರ್ ಸೀಮೆಯ ರಸ್ತೆಯಲ್ಲಿ ಝಾನು ಕಳಿಸಿದ್ದ ‘ಮೊಸಳೆ ಗುಂಪು’ ಒಂದು ಕಾರನ್ನು ಅಡ್ಡಗಟ್ಟಿ ಪೀಟ್ರಸ್ ಓಬರ್‌ಹೋಲ್ಜರ್ ಅನ್ನುವ ಬಿಳಿಯನನ್ನು ಕೊಂದಿತು. ವಿಮೋಚನಾ ಯುದ್ಧ ಇಲ್ಲಿಂದಲೇ ಶುರುವಾಯಿತು ಅಂತ ಹೇಳುವವರಿದ್ದಾರೆ. ಆ ಗುಂಪಿನ ಇಬ್ಬರನ್ನು 1968ರಲ್ಲಿ ಗಲ್ಲಿಗೇರಿಸಿದರು. ಆ ಕೊಲೆಯಾಗಿ 36 ವರ್ಷಕ್ಕೆ ಇದೇ ಸೀಮೆಯ ಜನ ಬಿಳಿಯನೊಬ್ಬನಿಗೆ ಮತ ಹಾಕಿದರು. ಬೆನೆಟ್ ಯುವಕರಾಗಿದ್ದಾಗ ಬಿಳಿಯರ ಸರ್ಕಾರದ ಪೊಲೀಸ್ ಪಡೆಯಲ್ಲಿದ್ದವರು ಕೂಡ. ಜನ ಹಳೆಯದನ್ನು ಮರೆತುಬಿಟ್ಟಿದ್ದರು ಅಂತ ನಾನು ನಂಬುವುದಿಲ್ಲ. ಮನೆ ಮನೆಯಲ್ಲಿ ಸತ್ತವರಿದ್ದರು, ಮರೆಯುವುದು ಹೇಗೆ?

ಗೆಲುವಿಗೆ ಕಾರಣಗಳು ಹತ್ತಿರದಲ್ಲೇ ಇವೆ. ಬೆನೆಟ್ ಶೋನಾ ಮಾತನ್ನು ಅಲ್ಲೇ ಹುಟ್ಟಿ ಬೆಳೆದವರ ಹಾಗೆ ಆಡುತ್ತಿದ್ದರು. ಭಾಷಣಕ್ಕೆ ನಾಲ್ಕು ಸಾಲು ಕಲಿತ ಮಾತಲ್ಲ, ತಮಾಷೆ ಮಾಡುವ, ಜಗಳ ಆಡುವ, ಹರಟೆ ಹೊಡೆಯುವ ಮಾತು. ಜನ ಅವರನ್ನು ಪಚೆಡು ಅಂತ ಕರೆಯುತ್ತಿದ್ದರು, ನಮ್ಮವನೇ ಅನ್ನುವ ಸಲಿಗೆಯಲ್ಲಿ. ಸುತ್ತಲಿನ ಹಳ್ಳಿ ಮುಖ್ಯಸ್ಥರ ಬೆಂಬಲವೂ ಅವರಿಗಿತ್ತು. ಇನ್ನೊಂದು ಕಡೆ ಝಾನು-ಪಿಎಫ್ 20 ವರ್ಷ ಆಳಿತ್ತು. ಅಷ್ಟು ವರ್ಷ ಮತ ಹಾಕಿದ್ದಕ್ಕೆ ಏನು ಸಿಕ್ಕಿತು ಅಂತ ಜನ ಲೆಕ್ಕ ಹಾಕುತ್ತಿದ್ದರು.

ಅವರು ಮೈಬಣ್ಣ ನೋಡಿ ಮತ ಹಾಕಲಿಲ್ಲ. ತಮ್ಮ ಕಷ್ಟ ಗೊತ್ತಿರುವವನು, ಹರಾರೆಯಲ್ಲಿ ಎದ್ದು ನಿಂತು ಜೋರಾಗಿ ಮಾತಾಡುವವನು ಬೇಕಿತ್ತು. ಹಳ್ಳಿಯವರು ಯಾರೋ ಹೇಳಿದ ಕಡೆ ಮತ ಒತ್ತುತ್ತಾರೆ ಅನ್ನುವ ಮಾತನ್ನು ಎಲ್ಲ ದೇಶದಲ್ಲೂ ಕೇಳುತ್ತೇವೆ. ಚಿಮನಿಮನಿಯ 2000ದ ಫಲಿತಾಂಶ ಆ ಮಾತಿಗೆ ನೇರ ಉತ್ತರ. ಹೊಡೆತ, ಬೆದರಿಕೆ ಎಲ್ಲ ಇದ್ದ ಚುನಾವಣೆಯಲ್ಲಿ ಅವರು ತಮಗೆ ಬೇಕಾದವರನ್ನೇ ಆರಿಸಿದರು.

ಆ ಗೆಲುವಿಗೆ ಅವರು ಏನು ತೆತ್ತರು?

ಮತದಾನಕ್ಕೂ ಮೊದಲೇ ತೆರಬೇಕಾಯಿತು. ಚುನಾವಣೆಗೆ ಮುಂಚೆ ಚಾರ್ಲ್ಸ್‌ವುಡ್‌ಗೆ ಗುಂಪು ನುಗ್ಗಿತು. ಬೆನೆಟ್ ಹೆಂಡತಿ ಹೆದರ್ ಆಗ ಬಸುರಿ. ಅವರ ಕುತ್ತಿಗೆಗೆ ಮಚ್ಚು ಹಿಡಿದರು. ಆ ಮಗು ಉಳಿಯಲಿಲ್ಲ. ಎಸ್ಟೇಟಿನ ಕೂಲಿಯವರನ್ನು ಹೊಡೆದರು. ಮುಂದಿನ ವರ್ಷಗಳಲ್ಲಿ ಹೊಡೆತ ನಿಲ್ಲಲಿಲ್ಲ. 2004ರಲ್ಲಿ ಒಬ್ಬ ಕೂಲಿಕಾರ ಗುಂಡೇಟಿಗೆ ಬಲಿಯಾದ. ಕೋರ್ಟಿನ ಆದೇಶಗಳು ಬೆನೆಟ್ ಪರ ಇದ್ದರೂ ಅದೇ ವರ್ಷ ಎಸ್ಟೇಟು ಅವರ ಕೈತಪ್ಪಿತು.

ಬೆನೆಟ್ ಹೆಸರು ಪತ್ರಿಕೆಗಳಲ್ಲಿ ಬಂತು. ಕೂಲಿಯವರ ಹೆಸರು ಬರಲಿಲ್ಲ. ಕೆಲಸ, ಮನೆ, ಮಕ್ಕಳ ಶಾಲೆ ಮೂರೂ ಎಸ್ಟೇಟಿನಲ್ಲೇ ಇದ್ದ ಕುಟುಂಬಗಳಿಗೆ ಎಸ್ಟೇಟು ಹೋದ ದಿನ ಎಲ್ಲವೂ ಒಟ್ಟಿಗೇ ಹೋಯಿತು.

ಎಸ್ಟೇಟಿನ ಕೂಲಿಯವರಿಗೆ ಮತದ ಹಕ್ಕು ಇತ್ತಾ?

ಬಹಳ ಜನರ ಹಕ್ಕನ್ನು ಕಿತ್ತುಕೊಂಡರು. ಜಿಂಬಾಬ್ವೆಯ ಎಸ್ಟೇಟುಗಳಲ್ಲಿ ಮೊಜಾಂಬಿಕ್, ಮಲಾವಿ, ಜಾಂಬಿಯಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಲಕ್ಷಗಟ್ಟಲೆ ಇದ್ದರು. ಹುಟ್ಟಿದ್ದು ಜಿಂಬಾಬ್ವೆಯಲ್ಲೇ, ಅಪ್ಪನದೋ ಅಜ್ಜನದೋ ಊರು ಗಡಿಯಾಚೆ. 2001ರಲ್ಲಿ ಪೌರತ್ವ ಕಾನೂನನ್ನು ಬಿಗಿ ಮಾಡಿದರು. ಬೇರೆ ದೇಶದ ಪೌರತ್ವಕ್ಕೆ ಹಕ್ಕಿದ್ದರೂ ಅದನ್ನು ಬಿಟ್ಟುಕೊಟ್ಟ ಕಾಗದ ತರಬೇಕು, ಇಲ್ಲದಿದ್ದರೆ ಪೌರತ್ವ ಇಲ್ಲ. ನೋಡದೇ ಇದ್ದ ದೇಶದ ಕಾಗದವನ್ನು ಕಾಫಿ ಕೊಯ್ಯುವವರು ಎಲ್ಲಿಂದ ತರಬೇಕು? ಗಡಿಗೆ ಅಂಟಿಕೊಂಡಿರುವ ಚಿಮನಿಮನಿಯಂಥ ಕಡೆ ಈ ಪೆಟ್ಟು ಜೋರಾಗಿಯೇ ಬಿತ್ತು. 2013ರ ಸಂವಿಧಾನ ಇಂಥವರ ಪೌರತ್ವವನ್ನು ಮತ್ತೆ ಒಪ್ಪಿತು. ಅಷ್ಟರಲ್ಲಿ ಹಲವು ಚುನಾವಣೆಗಳು ಆಗಿಹೋಗಿದ್ದವು.

ಸಂಸತ್ತಿನಲ್ಲಿ ಬೆನೆಟ್ ಮಂತ್ರಿಯನ್ನು ತಳ್ಳಿದ್ದು ನಿಜವಾ?

ನಿಜ. 2004ರ ಮೇ 18. ದನಗಳ್ಳತನಕ್ಕೆ ಶಿಕ್ಷೆ ಹೆಚ್ಚಿಸುವ ಮಸೂದೆಯ ಮೇಲೆ ಚರ್ಚೆ ನಡೆಯುತ್ತಿತ್ತು. ಕಾನೂನು ಮಂತ್ರಿ ಪ್ಯಾಟ್ರಿಕ್ ಚಿನಮಾಸ ಮಾತಾಡುತ್ತಾ ಬೆನೆಟ್ ಕಡೆ ತಿರುಗಿದರು. ನಿಮ್ಮ ಪೂರ್ವಜರು ಕಳ್ಳರು, ಕೊಲೆಗಾರರು ಅನ್ನುವ ಅರ್ಥದ ಮಾತು ಆಡಿದರು. ಆ ಹೊತ್ತಿಗೆ ಬೆನೆಟ್ ಎಸ್ಟೇಟು ಹೋಗಿತ್ತು, ಮಗು ಹೋಗಿತ್ತು, ಕೂಲಿಯವರು ಸತ್ತಿದ್ದರು. ಅವರು ತಮ್ಮ ಜಾಗದಿಂದ ಎದ್ದರು, ಸಭೆಯ ನಡುವಿನ ಜಾಗ ದಾಟಿ ಹೋಗಿ ಚಿನಮಾಸರನ್ನು ನೆಲಕ್ಕೆ ತಳ್ಳಿದರು. ಇನ್ನೊಬ್ಬ ಝಾನು-ಪಿಎಫ್ ನಾಯಕ ಡಿಡಿಮಸ್ ಮುಟಾಸ ಹಿಂದಿನಿಂದ ಬಂದು ಬೆನೆಟ್‌ಗೆ ಒದ್ದರು. ಉಳಿದವರು ಸೇರಿ ಬಿಡಿಸಿದರು.

ತಳ್ಳಿದ್ದು ತಪ್ಪು. ಸದನದಲ್ಲಿ ಕೈ ಮಾಡಿದವರಿಗೆ ಶಿಕ್ಷೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಟ್ಟ ಶಿಕ್ಷೆ ನೋಡಿ.

ಕೋರ್ಟಿಗೆ ಹೋಗದೆ ಸಂಸತ್ತೇ ಜೈಲಿಗೆ ಹಾಕಬಹುದಾ?

ಅಲ್ಲಿನ ಸಂಸದೀಯ ಹಕ್ಕುಬಾಧ್ಯತೆ ಕಾನೂನಿನಲ್ಲಿ ಅದಕ್ಕೆ ದಾರಿ ಇತ್ತು. ಮೊದಲು ಸದಸ್ಯರ ಸಮಿತಿ ವಿಚಾರಣೆ ಮಾಡಿತು. 2004ರ ಅಕ್ಟೋಬರ್ 28ರಂದು ಸದನ ಮತಕ್ಕೆ ಹಾಕಿತು. ಪರ 53, ವಿರೋಧ 42. ಪಕ್ಷದ ಗೆರೆ ಮೀರಿ ಯಾರೂ ಮತ ಹಾಕಲಿಲ್ಲ. ಶಿಕ್ಷೆ 15 ತಿಂಗಳು, ಅದರಲ್ಲಿ 3 ತಿಂಗಳು ಅಮಾನತು. ಒಂದೇ ಒಂದು ತಳ್ಳಾಟಕ್ಕೆ ಒಂದು ವರ್ಷ ಕಠಿಣ ಜೈಲು! ದೂರು ಕೊಟ್ಟ ಪಕ್ಷವೇ ತೀರ್ಪನ್ನೂ ಕೊಟ್ಟಿತು. ಒದ್ದವರಿಗೆ ಜೈಲಾಗಲಿಲ್ಲ.

ಆಗ ಸ್ಪೀಕರ್ ಕುರ್ಚಿಯಲ್ಲಿದ್ದವರು ಎಮರ್ಸನ್ ಮ್ನಂಗಾಗ್ವ. 2017ರಲ್ಲಿ ಸೇನೆ ಮುಗಾಬೆಯವರನ್ನು ಕೆಳಗಿಳಿಸಿದ ಮೇಲೆ ಅಧ್ಯಕ್ಷರಾದವರು ಇವರೇ.

ಬೆನೆಟ್ 8 ತಿಂಗಳು ಜೈಲಿನಲ್ಲಿದ್ದು 2005ರ ಜೂನ್ 28ರಂದು ಹೊರಬಂದರು. ಬಂದವರು ಮೊದಲು ಮಾತಾಡಿದ್ದು ತಮ್ಮ ಬಗ್ಗೆಯಲ್ಲ, ಒಳಗಿರುವ ಕೈದಿಗಳ ಹಸಿವು ಮತ್ತು ಕೊಳಕಿನ ಬಗ್ಗೆ.

2005ರಲ್ಲಿ ಅವರು ಜೈಲಿನಿಂದಲೇ ಚುನಾವಣೆಗೆ ನಿಂತರಾ?

ನಿಲ್ಲಲು ಹೊರಟರು. ನಾಮಪತ್ರ ತಿರಸ್ಕರಿಸಿದರು. ಅವರು ಚುನಾವಣಾ ನ್ಯಾಯಾಲಯಕ್ಕೆ ಹೋದರು. ಮಾರ್ಚ್ ಮಧ್ಯದಲ್ಲಿ ನ್ಯಾಯಮೂರ್ತಿ ಟೆಂಡೈ ಉಚೇನಾ ಬೆನೆಟ್ ಪರ ತೀರ್ಪು ಕೊಟ್ಟರು. ಸದನ ಕೊಟ್ಟ ಶಿಕ್ಷೆ ಬೇರೆ, ಕೋರ್ಟು ಅಪರಾಧಿ ಅಂತ ತೀರ್ಮಾನಿಸುವುದು ಬೇರೆ, ಆದ್ದರಿಂದ ನಿಲ್ಲಲು ಅಡ್ಡಿಯಿಲ್ಲ ಅನ್ನುವುದು ತೀರ್ಪಿನ ಸಾರ. ಚಿಮನಿಮನಿಯ ಮತದಾನವನ್ನು ಮಾರ್ಚ್ 31ರ ಬದಲು ಏಪ್ರಿಲ್ 30ಕ್ಕೆ ಮುಂದೂಡಿ ಅಂದರು. ಮುಗಾಬೆ ಸಿಟ್ಟಾದರು, ತೀರ್ಪನ್ನು ಬಹಿರಂಗವಾಗಿ ಹೀಗಳೆದರು. ಸರ್ಕಾರ ಮೇಲ್ಮನವಿಗೆ ಹೋಯಿತು, ತೀರ್ಪು ಅಮಾನತಾಯಿತು. ಮತದಾನ ಮೊದಲಿನ ದಿನಾಂಕಕ್ಕೇ ನಡೆಯಿತು.

ಎಂಡಿಸಿಯಿಂದ ಕಣದಲ್ಲಿದ್ದವರು ಹೆದರ್ ಬೆನೆಟ್. ಗಂಡ ಜೈಲಿನಲ್ಲಿ, ಮನೆ ಇಲ್ಲ, ಎಸ್ಟೇಟು ಇಲ್ಲ, ಆದರೂ ಊರೂರು ಸುತ್ತಿ ಮತ ಕೇಳಿದರು. ಗೆದ್ದವರು ಝಾನು-ಪಿಎಫ್‌ನ ಸ್ಯಾಮ್ಯುಯೆಲ್ ಉಂಡೆಂಗೆ.

ಆಗ ಆಡಳಿತ ಪಕ್ಷಕ್ಕೆ ಒಂದೊಂದು ಸ್ಥಾನವೂ ಅಷ್ಟು ಮುಖ್ಯವಾಗಿತ್ತಾ?

ಸಂವಿಧಾನ ತಿದ್ದಲು ಮೂರನೇ ಎರಡು ಬಹುಮತ ಬೇಕು. 150 ಜನರ ಸದನದಲ್ಲಿ ಚುನಾವಣೆ ನಡೆಯುತ್ತಿದ್ದದ್ದು 120ಕ್ಕೆ. ಉಳಿದ 30ರಲ್ಲಿ ಅಧ್ಯಕ್ಷರು ನೇಮಿಸಿದವರು, ಪ್ರಾಂತ್ಯಗಳ ಗವರ್ನರುಗಳು, ಸಾಂಪ್ರದಾಯಿಕ ಮುಖ್ಯಸ್ಥರು ಇರುತ್ತಿದ್ದರು. ಅವರು ಹೆಚ್ಚುಕಡಿಮೆ ಆಡಳಿತ ಪಕ್ಷದ ಕಡೆಯವರೇ. 2005ರಲ್ಲಿ ಝಾನು-ಪಿಎಫ್ ಗೆದ್ದದ್ದು 78. ಅದಕ್ಕೆ ಈ 30 ಸೇರಿದರೆ 108, ಅಂದರೆ ಬೇಕಿದ್ದ 100ನ್ನು ದಾಟಿತು. ಅದೇ ವರ್ಷ ಸಂವಿಧಾನ ತಿದ್ದಿ ಸೆನೆಟ್ ತಂದರು, ಸರ್ಕಾರ ವಶಪಡಿಸಿಕೊಂಡ ಜಮೀನಿನ ಬಗ್ಗೆ ಕೋರ್ಟಿಗೆ ಹೋಗುವ ದಾರಿಯನ್ನೂ ಮುಚ್ಚಿದರು.

ಒಂದು ಕ್ಷೇತ್ರ ಎರಡಾದದ್ದು ಯಾವಾಗ?

2008ರಲ್ಲಿ. ಕ್ಷೇತ್ರಗಳ ಸಂಖ್ಯೆಯನ್ನು 120ರಿಂದ 210ಕ್ಕೆ ಏರಿಸಿದರು. ಆಗ ಚಿಮನಿಮನಿ ಪೂರ್ವ, ಚಿಮನಿಮನಿ ಪಶ್ಚಿಮ ಅಂತ ಎರಡಾಯಿತು. ಮಾರ್ಚ್ 29ರ ಫಲಿತಾಂಶವೂ ಎರಡು ತೆರನಾಗಿ ಬಂತು. ಪೂರ್ವದಲ್ಲಿ ಉಂಡೆಂಗೆ ಉಳಿದುಕೊಂಡರು. ಪಶ್ಚಿಮದಲ್ಲಿ ಎಂಡಿಸಿಯ ಲಿನೆಟ್ ಕರೆನ್ಯಿ ಗೆದ್ದರು. ಅವರ ಎದುರು ಸೋತವರು ಅದೇ ಮುನಾಚೊ ಮುಟೆಜೊ, ಆಗ ಜಲಸಂಪನ್ಮೂಲ ಮಂತ್ರಿ.

ಇಡೀ ಮನಿಕಾಲ್ಯಾಂಡಿನಲ್ಲಿ ಆ ಸಲ 26ರಲ್ಲಿ 20 ಸ್ಥಾನ ಸ್ವಾಂಗಿರಾಯಿ ಪಕ್ಷಕ್ಕೆ ಬಂದವು. 1980ರಲ್ಲಿ 11ಕ್ಕೆ 11 ಕೊಟ್ಟ ಪ್ರಾಂತ್ಯ ಇದು! ದೇಶದ ಮಟ್ಟದಲ್ಲೂ ಝಾನು-ಪಿಎಫ್ ಮೊದಲ ಸಲ ಸಂಸತ್ತಿನ ಬಹುಮತ ಕಳೆದುಕೊಂಡಿತು.

ಆದರೂ ಮುಗಾಬೆ ಹೇಗೆ ಉಳಿದರು?

ಅಧ್ಯಕ್ಷರ ಚುನಾವಣೆ ಬೇರೆ. ಮೊದಲ ಸುತ್ತಿನಲ್ಲಿ ಸ್ವಾಂಗಿರಾಯಿಗೆ ಶೇ 47.9, ಮುಗಾಬೆಗೆ ಶೇ 43.2. ಯಾರಿಗೂ ಅರ್ಧ ದಾಟಲಿಲ್ಲ ಅಂತ ಜೂನ್ 27ಕ್ಕೆ ಎರಡನೇ ಸುತ್ತು ಇಟ್ಟರು. ನಡುವಿನ ಮೂರು ತಿಂಗಳು ಹಳ್ಳಿಗಳಲ್ಲಿ ಹೊಡೆತ, ಮನೆ ಸುಡುವುದು, ಕೊಲೆ. ಮಾರ್ಚಿನಲ್ಲಿ ಯಾವ ಮತಗಟ್ಟೆಯಲ್ಲಿ ವಿರೋಧ ಪಕ್ಷಕ್ಕೆ ಮತ ಬಿದ್ದಿತ್ತು ಅಂತ ಗೊತ್ತಿತ್ತಲ್ವಾ, ಆ ಸುತ್ತಲಿನವರನ್ನೇ ಹುಡುಕಿ ಹೊಡೆದರು. ಸ್ವಾಂಗಿರಾಯಿ ಜೂನ್ 22ರಂದು ಕಣದಿಂದ ಹಿಂದೆ ಸರಿದರು. ಮುಗಾಬೆ ಒಬ್ಬರೇ ಓಡಿ ಗೆದ್ದರು. ಆಮೇಲೆ ನೆರೆಯ ದೇಶಗಳ ಒತ್ತಡದಿಂದ 2009ರಲ್ಲಿ ಜಂಟಿ ಸರ್ಕಾರ ಬಂತು.

ಬೆನೆಟ್ ಮತ್ತೆ ರಾಜಕೀಯಕ್ಕೆ ಬರಲಿಲ್ಲವಾ?

ಬಂದರು. 2006ರಲ್ಲಿ ಬಂಧನದ ಭಯದಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದರು. ಜಂಟಿ ಸರ್ಕಾರದಲ್ಲಿ ಕೃಷಿ ಉಪಮಂತ್ರಿ ಅಂತ ಪಕ್ಷ ಹೆಸರಿಸಿದ ಮೇಲೆ 2009ರಲ್ಲಿ ವಾಪಸಾದರು. ಫೆಬ್ರುವರಿ 13ರಂದು ಹರಾರೆಯಲ್ಲಿ ಮಂತ್ರಿಗಳು ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದರೆ, ಅದೇ ದಿನ ಬೆನೆಟ್‌ರನ್ನು ವಿಮಾನದಿಂದ ಇಳಿಸಿ ಹಿಡಿದರು. ಆಯುಧ ಕೂಡಿಟ್ಟ ಆರೋಪ. ಮುಟಾರೆ ಜೈಲಿನಲ್ಲಿ ಒಂದು ತಿಂಗಳು ಇಟ್ಟರು. 2010ರ ಮೇ 10ರಂದು ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಮುಗಾಬೆ ಮಾತ್ರ ಕೊನೆಯವರೆಗೂ ಅವರಿಗೆ ಪ್ರಮಾಣವಚನ ಬೋಧಿಸಲಿಲ್ಲ. ಬೆನೆಟ್ ಮತ್ತೆ ದೇಶ ಬಿಟ್ಟರು.

2018ರ ಜನವರಿ 17ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೆಲಿಕಾಪ್ಟರ್ ಬಿದ್ದು ರಾಯ್ ಮತ್ತು ಹೆದರ್ ಇಬ್ಬರೂ ತೀರಿಕೊಂಡರು. ರಾಯ್‌ಗೆ 60 ವರ್ಷ.

2013ರ ನಂತರ?

ಎರಡೂ ಕ್ಷೇತ್ರ ಝಾನು-ಪಿಎಫ್‌ಗೆ ಮರಳಿದವು. ಪೂರ್ವದಲ್ಲಿ ಉಂಡೆಂಗೆ, ಪಶ್ಚಿಮದಲ್ಲಿ ಕೊನೆಗೂ ಮುಟೆಜೊ. ಮುಟೆಜೊ ಪಕ್ಷದ ಒಳಜಗಳದಲ್ಲಿ ಉಚ್ಚಾಟನೆಯಾದರು. ಅಲ್ಲಿ ಪಕ್ಷ ಕೈಬಿಟ್ಟರೆ ಸಂಸತ್ತಿನ ಸ್ಥಾನವೂ ಹೋಗುತ್ತದೆ, ಸ್ಪೀಕರಿಗೆ ಪಕ್ಷ ಒಂದು ಪತ್ರ ಬರೆದರೆ ಸಾಕು. ಉಪಚುನಾವಣೆಯಲ್ಲಿ ಅದೇ ಪಕ್ಷದ ನೊಕುಥುಲಾ ಮಟ್ಸಿಕೆನ್ಯೆರೆ ಬಂದರು. ಮತ ಹಾಕಿದ್ದು ಜನ, ತೆಗೆಯುವುದು ಪಕ್ಷ. ಈ ನಿಯಮ ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಉಂಡೆಂಗೆ ಇಂಧನ ಮಂತ್ರಿಯಾಗಿದ್ದಾಗ ಒಂದು ಖಾಸಗಿ ಕಂಪನಿಗೆ ನಿಯಮ ಮೀರಿ ಹಣ ಕೊಡಿಸಿದ್ದಕ್ಕೆ 2018ರಲ್ಲಿ ಜೈಲು ಶಿಕ್ಷೆಗೆ ಗುರಿಯಾದರು.

ಈಗ ಪೂರ್ವದ ಸದಸ್ಯರೂ ಬಿಳಿಯರೇ ಅಂತೆ, ಹೌದಾ?

ಹೌದು, ಜೋಶುವಾ ಸಾಕೊ. ಆದರೆ ಇವರು ಝಾನು-ಪಿಎಫ್‌ನವರು! 2018ರಲ್ಲಿ ಪಕ್ಷದೊಳಗಿನ ಆಯ್ಕೆಯಲ್ಲಿ ಗೆದ್ದು, ಆಮೇಲೆ ಕ್ಷೇತ್ರವನ್ನೂ ಗೆದ್ದರು. 2023ರಲ್ಲಿ ಮತ್ತೆ ಗೆದ್ದು ಸಾರಿಗೆ ಇಲಾಖೆಯ ಉಪಮಂತ್ರಿಯಾದರು. ಬೆನೆಟ್ ಮೈಬಣ್ಣವನ್ನೇ ಹಿಡಿದು ಬೈದ ಪಕ್ಷ 14 ವರ್ಷದ ನಂತರ ಅದೇ ಸೀಮೆಯಲ್ಲಿ ಬಿಳಿಯರೊಬ್ಬರನ್ನು ನಿಲ್ಲಿಸಿತು. ಆಗಲೂ ಜನಕ್ಕೆ ಬಣ್ಣ ಅಡ್ಡ ಬರಲಿಲ್ಲ, ಈಗಲೂ ಬರಲಿಲ್ಲ. ಆಗ ಬಣ್ಣ ದೊಡ್ಡ ವಿಷಯವಾಗಿದ್ದು ಹರಾರೆಯ ನಾಯಕರಿಗೆ, ಅವರಿಗೆ ಬೇಕಾದಾಗ ಮಾತ್ರ.

ಇಡಾಯ್ ಚಂಡಮಾರುತ ಹೊಡೆದದ್ದು ಇಲ್ಲೇ ಅಲ್ವಾ?

ಇಲ್ಲೇ. 2019ರ ಮಾರ್ಚ್ 15ರ ರಾತ್ರಿ. ಮೊಜಾಂಬಿಕ್ ಕರಾವಳಿಯಿಂದ ಬಂದ ಚಂಡಮಾರುತ ಚಿಮನಿಮನಿ ಬೆಟ್ಟಗಳಿಗೆ ತಾಗಿ ಮಳೆ ಸುರಿಸಿತು. ಊರಿನ ಎನ್‌ಗಾಂಗು ಬಡಾವಣೆಯ ಮೇಲೆ ಗುಡ್ಡದಿಂದ ಬಂಡೆಗಳು ಉರುಳಿದವು. ರುಸಿಟು ಮತ್ತು ನ್ಯಾಹೊಡೆ ನದಿಗಳು ಸೇರುವ ಕೊಪಾ ಅನ್ನುವ ಜಾಗದಲ್ಲಿ ಅಂಗಡಿ, ಮನೆ, ಪೊಲೀಸ್ ಠಾಣೆ ಎಲ್ಲ ಕೊಚ್ಚಿಹೋದವು. ಸೇಂಟ್ ಚಾರ್ಲ್ಸ್ ಲ್ವಾಂಗಾ ಶಾಲೆಯ ಮೇಲೂ ಬಂಡೆ ಬಿದ್ದು ಮಕ್ಕಳು ಸತ್ತರು. ಜಿಂಬಾಬ್ವೆಯಲ್ಲಿ ಸತ್ತವರು ಕನಿಷ್ಠ 340, ಅದರಲ್ಲಿ ಹೆಚ್ಚಿನವರು ಈ ಒಂದೇ ಜಿಲ್ಲೆಯವರು. ನೂರಾರು ಜನ ಸಿಗಲೇ ಇಲ್ಲ. ಕೆಲವರ ಹೆಣಗಳು ನದಿಯಲ್ಲಿ ಮೊಜಾಂಬಿಕ್‌ವರೆಗೆ ತೇಲಿಹೋದವು, ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದರು.

ಚುನಾವಣೆಗೂ ಇದಕ್ಕೂ ಸಂಬಂಧ ಇದೆ. ಸೇತುವೆ ಮುರಿದು ದಿನಗಟ್ಟಲೆ ಹೊರಗಿನವರು ಒಳಗೆ ಬರಲಾಗಲಿಲ್ಲ. ಈ ಸೀಮೆಯ ರಸ್ತೆಗಳು ಹಾಗೇ ಇದ್ದದ್ದು ಯಾಕೆ ಅನ್ನುವ ಪ್ರಶ್ನೆಯನ್ನು ಜನ 20 ವರ್ಷದಿಂದ ಕೇಳುತ್ತಲೇ ಇದ್ದರು. ಮನೆ ಕಳೆದುಕೊಂಡವರು ಎರಡು ವರ್ಷಕ್ಕೂ ಜಾಸ್ತಿ ಟೆಂಟುಗಳಲ್ಲೇ ಇದ್ದರು. ಅಲ್ಲಿ ಈಗ ಮತದಾರರ ಪಟ್ಟಿ ಮತಗಟ್ಟೆಗೆ ಕಟ್ಟಿದ್ದು. ನಿಮ್ಮ ಹೆಸರು ಇರುವ ಮತಗಟ್ಟೆ ಬಿಟ್ಟು ಬೇರೆ ಕಡೆ ಮತ ಹಾಕುವ ಹಾಗಿಲ್ಲ. ನೀರಲ್ಲಿ ಗುರುತಿನ ಕಾಗದವೂ ಹೋಗಿ, ಊರೂ ಬದಲಾದವರಿಗೆ ಹೆಸರು ಮತ್ತೆ ಹಾಕಿಸುವುದೇ ಒಂದು ದೊಡ್ಡ ಕೆಲಸ.

ಹಳ್ಳಿ ಮುಖ್ಯಸ್ಥರ ಮಾತು ಎಷ್ಟು ನಡೆಯುತ್ತದೆ?

ಬಹಳ. ಚಿಮನಿಮನಿಯಲ್ಲಿ ಮುಟಂಬರಾ, ಮುಷಾ, ಎನ್‌ಗೊರಿಮಾ, ಚಿಕುಕ್ವಾ ಮುಂತಾದ ಮನೆತನಗಳ ಮುಖ್ಯಸ್ಥರಿದ್ದಾರೆ. ಅವರ ಕೆಳಗೆ ಹಳ್ಳಿಗೊಬ್ಬ ಸಬುಕು. ಯಾರಿಗೆ ಯಾವ ತುಂಡು ಜಮೀನು, ಹಿಟ್ಟಿನ ಪಟ್ಟಿಯಲ್ಲಿ ಯಾರ ಹೆಸರು, ಎಲ್ಲದಕ್ಕೂ ಅವರ ಬಳಿಗೇ ಹೋಗಬೇಕು. ಮುಖ್ಯಸ್ಥರು ಪಕ್ಷ ರಾಜಕೀಯ ಮಾಡಬಾರದು ಅಂತ 2013ರ ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅವರ ಸಂಬಳ, ಕಾರು ಬರುವುದು ಸರ್ಕಾರದಿಂದ. ಮತದಾನದ ದಿನ ಸಬುಕು ತನ್ನ ಹಳ್ಳಿಯವರನ್ನು ಸಾಲಾಗಿ ಕರೆದುಕೊಂಡು ಹೋಗುವುದು, ಓದು ಬರಹ ಬಲ್ಲವರಿಗೂ ಓದಲು ಬರುವುದಿಲ್ಲ ಅಂತ ಹೇಳಿಸಿ ‘ಸಹಾಯಕ’ರ ಕೈಯಲ್ಲಿ ಮತ ಹಾಕಿಸುವುದು, ಇಂಥ ದೂರುಗಳು ಜಿಂಬಾಬ್ವೆಯ ಹಳ್ಳಿಗಾಡಿನಿಂದ ಪ್ರತಿ ಚುನಾವಣೆಯಲ್ಲೂ ಬರುತ್ತವೆ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ ಹಳ್ಳಿಯವರು ಆಡಳಿತ ಪಕ್ಷಕ್ಕೇ ಮತ ಹಾಕುತ್ತಾರೆ ಅಂತ ಸುಮ್ನೆ ಹೇಳಿಬಿಡುವುದು ನ್ಯಾಯವಲ್ಲ.

ಈ ಕ್ಷೇತ್ರದಿಂದ ಹೆಂಗಸರು ಮುಂದೆ ಬಂದಿದ್ದಾರಾ?

ಬಂದಿದ್ದಾರೆ. ಲಿನೆಟ್ ಕರೆನ್ಯಿ ಮುಂದೆ ಕರೆನ್ಯಿ-ಕೊರೆ ಹೆಸರಿನಲ್ಲಿ ವಿರೋಧ ಪಕ್ಷದ ಉಪಾಧ್ಯಕ್ಷೆಯ ಸ್ಥಾನದವರೆಗೆ ಹೋದರು. ಮಟ್ಸಿಕೆನ್ಯೆರೆ ಇಡೀ ಮನಿಕಾಲ್ಯಾಂಡ್ ಪ್ರಾಂತ್ಯದ ಮಂತ್ರಿಯಾದರು. ಇಬ್ಬರೂ ಚಿಮನಿಮನಿ ಪಶ್ಚಿಮದಿಂದ ಬಂದವರು, ಎದುರು ಬದುರು ಪಕ್ಷದವರು.

ಮುಂದಿನ ಚುನಾವಣೆ ಯಾವಾಗ?

ಸಂವಿಧಾನದ ಐದು ವರ್ಷದ ಲೆಕ್ಕದ ಪ್ರಕಾರ 2028ರಲ್ಲಿ. ಆದರೆ ಮ್ನಂಗಾಗ್ವ 2030ರವರೆಗೆ ಅಧಿಕಾರದಲ್ಲಿ ಇರಬೇಕು ಅಂತ ಝಾನು-ಪಿಎಫ್ 2024ರ ಸಮ್ಮೇಳನದಲ್ಲಿ ನಿರ್ಣಯ ಮಾಡಿತು. ಅವಧಿ ಬೆಳೆಸಬೇಕಾದರೆ ಸಂವಿಧಾನ ತಿದ್ದಬೇಕು, ತಿದ್ದಬೇಕಾದರೆ ಮತ್ತೆ ಸಂಸತ್ತಿನಲ್ಲಿ ಮೂರನೇ ಎರಡು ಮತ ಬೇಕು. ಆ ಲೆಕ್ಕದಲ್ಲಿ ಚಿಮನಿಮನಿಯ ಎರಡು ಮತಗಳೂ ಇವೆ.